ಎ.ಸಿ.ಯಿಂದ ಗಾಳಿ ಕಡಿಮೆಯಾಗಿದೆಯೇ? ಗ್ಯಾಸ್ ತುಂಬಿಸುವ ಮುನ್ನ ಇಷ್ಟು ನೋಡಿ

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಆದರೆ ಫ್ಯಾನ್ ಕೂಡ ಬೇಡವೆಂದು ಹಿರಿಯರು ಹೇಳಿಕೊಳ್ಳುತ್ತಿದ್ದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಒಂದು ಕಾಲದಲ್ಲಿ ಬ್ಯಾಂಕು, ಚಿತ್ರಮಂದಿರಗಳಿಗೆ ಸೀಮಿತವಾಗಿದ್ದ ಹವಾನಿಯಂತ್ರಕ ಯಂತ್ರ ಈಗ ಮಧ್ಯಮ ವರ್ಗದ ಮಲಗುವ ಕೋಣೆಯ ಗೋಡೆಯನ್ನೇರಿದೆ. ಯಂತ್ರದೊಂದಿಗೆ ಅದರ ದೂರುಗಳೂ ಮನೆಯೊಳಕ್ಕೆ ಬಂದಿವೆ.

ಅವುಗಳಲ್ಲಿ ಸಾಮಾನ್ಯವಾದ ದೂರು ಒಂದು. ರಿಮೋಟ್‌ನಲ್ಲಿ 18 ಡಿಗ್ರಿ ಕಾಣುತ್ತಿದೆ, ಹೊರಗಿನ ಯಂತ್ರ ಗುಂಯ್‌ಗುಟ್ಟುತ್ತಿದೆ, ಆದರೆ ಗಾಳಿ ಮಾತ್ರ ಮಂಚದ ತನಕ ಬರುತ್ತಿಲ್ಲ. ಮೆಕ್ಯಾನಿಕ್‌ಗೆ ದೂರವಾಣಿ ಮಾಡಿದರೆ, ಯಂತ್ರವನ್ನು ಕಾಣುವ ಮೊದಲೇ ಉತ್ತರ ಸಿದ್ಧವಿರುತ್ತದೆ: 'ಗ್ಯಾಸ್ ಹೋಗಿರಬೇಕು.'

ಈ ಉತ್ತರಕ್ಕೆ ಬೆಲೆ ತೆತ್ತವರ ಪೈಕಿ ಈ ವರದಿಗಾರನೂ ಒಬ್ಬ. ಕಲಬುರಗಿಯ ಮನೆಯಲ್ಲಿ 74 ವರ್ಷದ ತಂದೆಯವರಿದ್ದಾರೆ. ಹೃದಯದ ಚಿಕಿತ್ಸೆಯಾದ ಮೇಲೆ ಬೇಸಿಗೆಯಲ್ಲಿ ಅವರನ್ನು ಬಿಸಿಲಿಗೂ ಸೆಕೆಗೂ ಬಿಡಬಾರದೆಂಬುದು ವೈದ್ಯರ ಕಟ್ಟಪ್ಪಣೆ. ಮೇ ತಿಂಗಳ ಮೊದಲ ವಾರ ಅವರ ಕೋಣೆಯ ಎ.ಸಿ. ಮಂಕಾಯಿತು. ಬಂದ ಮೆಕ್ಯಾನಿಕ್ ಹೊರಘಟಕದ ಕೊಳವೆಗೆ ಗೇಜು ಸಿಕ್ಕಿಸಿ, ಮುಳ್ಳು ಕೆಳಗಿರುವುದನ್ನು ತೋರಿಸಿ, 'ಗ್ಯಾಸ್ ಖಾಲಿ ಆಗ್ಯಾದ್ರಿ ಸರ, ತುಂಬಸ್ಬೇಕು' ಎಂದ. 2,800 ರೂಪಾಯಿ ಕೊಟ್ಟದ್ದಾಯಿತು. ಗಾಳಿ ಹೆಚ್ಚಲಿಲ್ಲ. ತಂದೆಯವರು ಹತ್ತು ರಾತ್ರಿ ಪಡಸಾಲೆಯಲ್ಲಿ ಕೂಲರ್ ಮುಂದೆ ಮಲಗಿದರು. ನಂತರ ಬಂದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಗೇಜನ್ನು ಚೀಲದಿಂದ ತೆಗೆಯಲೇ ಇಲ್ಲ. ಗಾಳಿ ಬರುವ ಬಾಯಿಯೊಳಗೆ ಟಾರ್ಚ್ ಬಿಟ್ಟು, 'ಗಾಳಿ ಹೊರಗ ಬರ್ಲಕ್ಕ ಹಾದಿನೇ ಇಲ್ಲ ನೋಡ್ರಿ' ಎಂದರು. ಒಳಗಿನ ಬ್ಲೋವರ್ ಉದ್ದಕ್ಕೂ ಕಂಬಳಿ ಹೊದಿಸಿದಂತೆ ಧೂಳು ಕುಳಿತಿತ್ತು.

ಎರಡು ದೂರು, ಎರಡು ಕಾರಣ

'ಎ.ಸಿ. ಸರಿಯಿಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೂರುಗಳು ಅಡಗಿವೆ. ಗಾಳಿ ರಭಸವಾಗಿ ಬರುತ್ತಿದ್ದು ತಂಪಿಲ್ಲವೆಂದರೆ ಅದು ಒಂದು ಕಾಯಿಲೆ. ಗಾಳಿಯೇ ಕಡಿಮೆ, ಆದರೆ ಬಾಯಿಯ ಹತ್ತಿರ ಕೈಯಿಟ್ಟರೆ ಕೊರೆಯುವಷ್ಟು ತಂಪು ಎಂದರೆ ಅದು ಸಂಪೂರ್ಣ ಬೇರೆ ಕಾಯಿಲೆ. ಮೊದಲನೆಯದಕ್ಕೆ ಶೀತಕ ಅನಿಲದ ಕೊರತೆ, ಕಂಪ್ರೆಸರ್ ದೋಷ, ಹೊರಘಟಕಕ್ಕೆ ಅಂಟಿದ ಕೊಳೆ ಇತ್ಯಾದಿ ಕಾರಣಗಳಿರಬಹುದು. ಎರಡನೆಯದರ ಕಾರಣ ಬಹುಪಾಲು ಕೋಣೆಯೊಳಗಿನ ಘಟಕದಲ್ಲಿಯೇ ಇರುತ್ತದೆ.

ಇದನ್ನು ತಿಳಿಯಲು ಒಳಘಟಕದ ಕೆಲಸವನ್ನು ಸ್ವಲ್ಪ ಅರಿಯಬೇಕು. ಕೋಣೆಯ ಗಾಳಿ ಘಟಕದ ಮೇಲ್ಭಾಗದಿಂದ ಒಳಕ್ಕೆ ಸೇರುತ್ತದೆ. ಮೊದಲು ಜಾಲರಿಯಂಥ ಫಿಲ್ಟರ್, ಅದರ ಹಿಂದೆ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ತಂಪು ಕಾಯಿಲ್, ಅದರ ಹಿಂದೆ ಉದ್ದನೆಯ ಉರುಳೆಯಂತಿರುವ ಬ್ಲೋವರ್. ಗಾಳಿಯನ್ನು ಎಳೆಯುವುದೂ ಹೊರಕ್ಕೆ ತಳ್ಳುವುದೂ ಬ್ಲೋವರ್‌ನ ಕೆಲಸ. ಶೀತಕ ಅನಿಲಕ್ಕೂ ಗಾಳಿಯ ರಭಸಕ್ಕೂ ನೇರ ಸಂಬಂಧವಿಲ್ಲ. ಅನಿಲ ಪೂರ್ತಿ ಸೋರಿಹೋದರೂ ಬ್ಲೋವರ್ ಮಾಮೂಲಿನಂತೆಯೇ ಗಾಳಿ ಬೀಸುತ್ತದೆ. ಆ ಗಾಳಿ ತಣ್ಣಗಿರುವುದಿಲ್ಲ, ಅಷ್ಟೇ. (ಇದಕ್ಕೊಂದು ಅಪವಾದವಿದೆ. ಅದನ್ನು ಮುಂದೆ ನೋಡೋಣ.)

ಒಂದು ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸಲು ಬೇಕಾಗುವಷ್ಟು ಶಾಖವನ್ನು ಹೊರಹಾಕುವ ಸಾಮರ್ಥ್ಯ ಅದು. ಇಷ್ಟು ಶಾಖವನ್ನು ಸಾಗಿಸಲು ಟನ್ನಿಗೆ ನಿಮಿಷವೊಂದಕ್ಕೆ ಸುಮಾರು 350ರಿಂದ 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕೆಂಬುದು ಎಂಜಿನಿಯರ್‌ಗಳ ಹಳೆಯ ಲೆಕ್ಕಾಚಾರ. ಗಾಳಿ ಅರ್ಧವಾದರೆ ಒಂದೂವರೆ ಟನ್ನಿನ ಯಂತ್ರ ಹೆಸರಿಗಷ್ಟೇ ಒಂದೂವರೆ ಟನ್. ವಿದ್ಯುತ್ ಬಿಲ್ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಮೊದಲು ರಿಮೋಟ್, ನಂತರ ಫಿಲ್ಟರ್

ಹಾಸ್ಯಾಸ್ಪದವೆನಿಸಿದರೂ ಪರಿಶೀಲನೆ ರಿಮೋಟ್‌ನಿಂದಲೇ ಆರಂಭವಾಗಬೇಕು. 'ಡ್ರೈ' ಮತ್ತು 'ಸ್ಲೀಪ್' ಕ್ರಮಗಳಲ್ಲಿ ಫ್ಯಾನ್ ನಿಧಾನವಾಗುವುದು ಯಂತ್ರದ ಸಹಜ ಗುಣ. 'ಆಟೊ' ಕ್ರಮದಲ್ಲಿಯೂ ಕೋಣೆ ತಂಪಾದೊಡನೆ ಗಾಳಿ ಇಳಿಯುತ್ತದೆ. 'ಕೂಲ್' ಕ್ರಮದಲ್ಲಿರಿಸಿ ಫ್ಯಾನನ್ನು ಗರಿಷ್ಠ ವೇಗಕ್ಕೆ ತಂದು, ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆ ಪೂರ್ತಿ ತೆರೆದಿದೆಯೇ ಎಂದು ನೋಡಬೇಕು. ಉಷ್ಣಾಂಶವನ್ನು 18ಕ್ಕೆ ಇಳಿಸಿದ ಮಾತ್ರಕ್ಕೆ ಗಾಳಿಯ ರಭಸ ಹೆಚ್ಚುತ್ತದೆಂಬುದು ತಪ್ಪು ಕಲ್ಪನೆ. 2020ರ ಜನವರಿಯಿಂದ ದೇಶದಲ್ಲಿ ಸ್ಟಾರ್ ಗುರುತಿನ ಎ.ಸಿ.ಗಳು ಚಾಲೂ ಆದೊಡನೆ 24 ಡಿಗ್ರಿಯನ್ನೇ ತೋರಿಸಬೇಕೆಂಬ ನಿಯಮ ಬಂದಿರುವುದು ವಿದ್ಯುತ್ ಉಳಿತಾಯಕ್ಕಾಗಿ. 24 ಡಿಗ್ರಿಯಲ್ಲಿ ಗಾಳಿ ಸಾಲದಿದ್ದರೆ 18ರಲ್ಲಿಯೂ ಸಾಲದು.

ಇದಾದ ಮೇಲೆ ಫಿಲ್ಟರ್. ಎಂ.ಸಿ.ಬಿ. ಆರಿಸಿ, ಮುಂಭಾಗದ ಮುಚ್ಚಳವನ್ನು ಮೇಲಕ್ಕೆತ್ತಿದರೆ ಎರಡು ಜಾಲರಿಗಳು ಕಾಣುತ್ತವೆ. ಅವನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಆಚೆಗೆ ದಾಟದಿದ್ದರೆ ಗಾಳಿಯೂ ದಾಟದು. ಒಂದು ಸರಳ ಪರೀಕ್ಷೆಯುಂಟು: ಫಿಲ್ಟರ್ ಇಲ್ಲದೆಯೇ ಮುಚ್ಚಳ ಹಾಕಿ ಎರಡು ನಿಮಿಷ ಯಂತ್ರ ನಡೆಸಿ ನೋಡುವುದು. ಗಾಳಿ ಒಮ್ಮೆಲೇ ಹೆಚ್ಚಿದರೆ ಕಾಯಿಲೆಯೂ ಮದ್ದೂ ನಿಮ್ಮ ಕೈಯಲ್ಲೇ ಇದೆ. ನಲ್ಲಿಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿದರಾಯಿತು. ಹಾಗೆಂದು ಫಿಲ್ಟರ್ ಇಲ್ಲದೆ ದಿನಗಟ್ಟಲೆ ನಡೆಸಕೂಡದು. ಧೂಳು ನೇರವಾಗಿ ಕಾಯಿಲ್‌ಗೆ ಅಂಟುತ್ತದೆ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಬಳಕೆಯ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆದರೆ ಒಳ್ಳೆಯದು. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ, ರಸ್ತೆ ಅಗೆದಿದ್ದರೆ (ನಮ್ಮ ನಗರಗಳಲ್ಲಿ ಅಗೆಯದಿರುವ ರಸ್ತೆ ಯಾವುದು?) ವಾರಕ್ಕೊಮ್ಮೆಯಾದರೂ ನೋಡಬೇಕು. ಅಡುಗೆಮನೆಯ ಒಗ್ಗರಣೆಯ ಜಿಡ್ಡು ಮತ್ತು ದೇವರ ಮನೆಯ ಊದುಬತ್ತಿಯ ಹೊಗೆ ಧೂಳನ್ನು ಅಂಟಿನಂತೆ ಹಿಡಿದಿಡುತ್ತವೆ.

ಯಾರೂ ನೋಡದ ಬ್ಲೋವರ್

ಫಿಲ್ಟರ್ ಶುಭ್ರವಾಗಿದ್ದೂ ಗಾಳಿ ಇಲ್ಲವೆಂದರೆ ಮುಂದಿನ ಅನುಮಾನ ಬ್ಲೋವರ್ ಮೇಲೆ. ಯಂತ್ರವನ್ನು ಆರಿಸಿ, ಗಾಳಿ ಬರುವ ಬಾಯಿಯ ರೆಕ್ಕೆಯನ್ನು ಮೃದುವಾಗಿ ಸರಿಸಿ, ಒಳಕ್ಕೆ ಟಾರ್ಚ್ ಬಿಟ್ಟರೆ ಉರುಳೆಯ ಮೇಲಿನ ಸಣ್ಣ ಸಣ್ಣ ಅಲಗುಗಳು ಕಾಣಬೇಕು. ಅಲಗುಗಳು ಒಳಮುಖವಾಗಿ ಬಾಗಿದ್ದು, ಬೊಗಸೆಯಲ್ಲಿ ನೀರು ಮೊಗೆದಂತೆ ಗಾಳಿಯನ್ನು ಮೊಗೆದು ಎಸೆಯುತ್ತವೆ. ಬೊಗಸೆಯಲ್ಲಿ ಧೂಳು ತುಂಬಿದರೆ ಮೊಗೆಯಲು ಜಾಗವೆಲ್ಲಿ? ಮೋಟಾರ್ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೂ ಗಾಳಿ ಬರುವುದಿಲ್ಲ. ಧೂಳು ಎಲ್ಲೆಡೆ ಸಮನಾಗಿ ಕೂರದಿದ್ದರೆ ಉರುಳೆ ತೂಕ ತಪ್ಪಿ ಗಡಗಡ ಸದ್ದೂ ಮಾಡುತ್ತದೆ.

ವರ್ಷಕ್ಕೊಮ್ಮೆ 'ಸರ್ವಿಸ್' ಮಾಡಿಸಿದ್ದೇವೆ ಎನ್ನುವವರೂ ಇಲ್ಲಿ ಮೋಸಹೋಗುತ್ತಾರೆ. 'ಡ್ರೈ ಸರ್ವಿಸ್' ಹೆಸರಿನಲ್ಲಿ ಅನೇಕ ಕಡೆ ನಡೆಯುವುದು ಫಿಲ್ಟರ್ ತೊಳೆದು, ಮುಚ್ಚಳ ಒರೆಸುವ ಕೆಲಸ ಮಾತ್ರ. ಬ್ಲೋವರ್ ಮತ್ತು ಕಾಯಿಲ್ ಶುಚಿಯಾಗಬೇಕಾದರೆ ವಿದ್ಯುತ್ ಫಲಕಕ್ಕೆ ಪ್ಲಾಸ್ಟಿಕ್ ಹೊದಿಸಿ, ಘಟಕದ ಕೆಳಗೆ ಚೀಲ ಕಟ್ಟಿ, ಪಂಪಿನಿಂದ ನೀರು ಹಾಯಿಸಬೇಕು. ಕೊಳೆ ಗಟ್ಟಿಯಾಗಿದ್ದರೆ ಬ್ಲೋವರನ್ನು ಬಿಚ್ಚಿಯೇ ತೊಳೆಯಬೇಕು. ಇದು ಮನೆಯವರು ಮಾಡುವ ಕೆಲಸವಲ್ಲ. ಕಾಯಿಲ್‌ನ ರೆಕ್ಕೆಗಳು ಕೈ ಕೊಯ್ಯುವಷ್ಟು ಹರಿತ, ಬೆರಳು ತಾಕಿದರೆ ಬಾಗುವಷ್ಟು ಮೆತು. ಕೆಪಾಸಿಟರ್‌ನಲ್ಲಿ ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಉಳಿದಿರಬಲ್ಲದು.

ಸೆಕೆಯಲ್ಲಿ ಕಟ್ಟುವ ಮಂಜುಗಡ್ಡೆ

ಮೇಲೆ ಹೇಳಿದ ಅಪವಾದ ಇದು. ಸಂಜೆ ಹಾಕಿದಾಗ ಗಾಳಿ ಚೆನ್ನಾಗಿರುತ್ತದೆ, ಮಧ್ಯರಾತ್ರಿಯ ಹೊತ್ತಿಗೆ ಕ್ಷೀಣಿಸುತ್ತದೆ, ಬೆಳಿಗ್ಗೆ ಆರಿಸಿದ ಮೇಲೆ ಘಟಕದಿಂದ ಗೋಡೆಗುಂಟ ನೀರು ಇಳಿಯುತ್ತದೆ. ಮರುದಿನ ಸಂಜೆ ಮತ್ತೆ ಚೆನ್ನಾಗಿರುತ್ತದೆ. ಈ ಲಕ್ಷಣ ಕಂಡರೆ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆಯೆಂದು ತಿಳಿಯಬೇಕು. ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಗಾಳಿಯ ತೇವಾಂಶ ಅದರ ಮೇಲೆ ಹೆಪ್ಪುಗಟ್ಟಿ ರೆಕ್ಕೆಗಳ ನಡುವಿನ ಸಂದು ಮುಚ್ಚುತ್ತದೆ. ಗಾಳಿ ಕಡಿಮೆಯಾದಷ್ಟೂ ಕಾಯಿಲ್ ಇನ್ನಷ್ಟು ತಣ್ಣಗಾಗಿ ಮಂಜು ದಪ್ಪವಾಗುತ್ತದೆ.

ಮಂಜು ಕಟ್ಟಲು ಮುಖ್ಯ ಕಾರಣಗಳು ಎರಡು. ಒಂದು, ಕೊಳೆಯಿಂದ ಗಾಳಿಯ ದಾರಿ ಕಟ್ಟಿರುವುದು. ಇನ್ನೊಂದು, ಶೀತಕ ಅನಿಲ ನಿಜವಾಗಿಯೂ ಕಡಿಮೆಯಾಗಿರುವುದು. ಹಾಗಾಗಿ ಮಂಜು ಕಂಡ ಮಾತ್ರಕ್ಕೆ ಗ್ಯಾಸ್ ಹೋಗಿದೆಯೆಂದಾಗಲೀ ಹೋಗಿಲ್ಲವೆಂದಾಗಲೀ ತೀರ್ಪು ಕೊಡಲಾಗದು. ಮೊದಲು 'ಕೂಲ್' ನಿಲ್ಲಿಸಿ, ಬರೀ ಫ್ಯಾನ್ ಕ್ರಮದಲ್ಲಿ ಎರಡು ಮೂರು ಗಂಟೆ ಬಿಟ್ಟು ಮಂಜು ಕರಗಿಸಬೇಕು. ಫಿಲ್ಟರ್, ಕಾಯಿಲ್, ಬ್ಲೋವರ್ ಶುಚಿಯಾದ ಬಳಿಕವೂ ಮತ್ತೆ ಮಂಜು ಕಟ್ಟಿದರೆ ಆಗ ಅನಿಲದ ಮೇಲೆ ಅನುಮಾನ ಪಡುವುದು ನ್ಯಾಯ. ಚಾಕು, ಸ್ಕ್ರೂಡ್ರೈವರ್‌ಗಳಿಂದ ಮಂಜು ಕೆರೆಯಲು ಹೋಗಿ ಕೊಳವೆ ತೂತು ಮಾಡಿಕೊಂಡರೆ ಗ್ಯಾಸ್ ಖಂಡಿತ ಹೋಗುತ್ತದೆ. ಮಂಜುಗಟ್ಟಿದ ಯಂತ್ರವನ್ನು ಹಾಗೆಯೇ ನಡೆಸುವುದೂ ಅಪಾಯ. ಆವಿಯಾಗದ ಶೀತಕ ದ್ರವರೂಪದಲ್ಲಿಯೇ ಕಂಪ್ರೆಸರ್ ಸೇರಿದರೆ ಅದು ಕೆಡಬಹುದು.

ಗೇಜು ಸುಳ್ಳು ಹೇಳುವುದಿಲ್ಲ, ಆದರೆ...

ಕಲಬುರಗಿಯ ಮನೆಗೆ ಬಂದ ಮೊದಲ ಮೆಕ್ಯಾನಿಕ್ ವಂಚಕನೇ ಆಗಿರಬೇಕೆಂದಿಲ್ಲ. ಗೇಜಿನ ಮುಳ್ಳು ಕೆಳಗಿದ್ದುದು ನಿಜ. ಕಾಯಿಲ್ ಮೇಲೆ ಗಾಳಿ ಹಾಯದಿದ್ದರೆ ಶೀತಕಕ್ಕೆ ಸಾಕಷ್ಟು ಶಾಖ ಸಿಗದೆ ಕೊಳವೆಯ ಒತ್ತಡ ತಾನಾಗಿಯೇ ಇಳಿಯುತ್ತದೆ. ಅನಿಲ ಸೋರಿದಾಗಲೂ ಒತ್ತಡ ಇಳಿಯುತ್ತದೆ. ಒತ್ತಡವೊಂದನ್ನೇ ನೋಡಿದವನಿಗೆ ಎರಡೂ ಒಂದೇ. ಇನ್ವರ್ಟರ್ ಎ.ಸಿ.ಗಳಲ್ಲಂತೂ ಕಂಪ್ರೆಸರ್ ವೇಗ ಬದಲಾದಂತೆಲ್ಲ ಒತ್ತಡವೂ ಬದಲಾಗುವುದರಿಂದ ಗೇಜಿನ ಸಾಕ್ಷ್ಯ ಇನ್ನೂ ದುರ್ಬಲ.

ತಪ್ಪು ತೀರ್ಮಾನದ ಫಲ ಹಣ ಕಳೆದುಕೊಳ್ಳುವುದಷ್ಟೇ ಅಲ್ಲ. ಸರಿಯಾಗಿದ್ದ ಅನಿಲದ ಮೇಲೆ ಮತ್ತಷ್ಟು ತುಂಬಿಸಿದ್ದರಿಂದ, ಬ್ಲೋವರ್ ಶುಚಿಯಾಗಿ ಗಾಳಿ ಸರಾಗವಾದ ಕೂಡಲೇ ಒತ್ತಡ ಮಿತಿ ಮೀರಿತು. ಇದ್ದ ಅನಿಲವನ್ನೆಲ್ಲ ತೆಗೆಸಿ, ತೂಕ ಮಾಡಿ ಹೊಸದಾಗಿ ತುಂಬಿಸಬೇಕಾಯಿತು. ಶುಚಿ ಮಾಡುವ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಒಟ್ಟು ಆರು ಸಾವಿರ ದಾಟಿತು.

ಕಾಯಿಲೆ ಯಾವ ಕಡೆಯದೆಂದು ತಿಳಿಯಲು ಗೃಹಸ್ಥರಿಗೊಂದು ಸುಲಭ ಉಪಾಯವಿದೆ. ಅಡುಗೆಮನೆಯ ಸಾದಾ ಥರ್ಮಾಮೀಟರ್ ಸಾಕು. ಯಂತ್ರ ಕಾಲು ಗಂಟೆ ಓಡಿದ ಬಳಿಕ ಮೇಲೆ ಗಾಳಿ ಒಳಹೋಗುವ ಕಡೆಯ ಉಷ್ಣಾಂಶವನ್ನೂ, ಕೆಳಗೆ ಹೊರಬರುವ ಗಾಳಿಯ ಉಷ್ಣಾಂಶವನ್ನೂ ಅಳೆಯಿರಿ. ಆರೋಗ್ಯವಂತ ಯಂತ್ರದಲ್ಲಿ ವ್ಯತ್ಯಾಸ ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ಗಾಳಿ ಕಡಿಮೆಯಿದ್ದು ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ದಾರಿ ಕಟ್ಟಿದೆ ಎಂದರ್ಥ. ಗಾಳಿ ಚೆನ್ನಾಗಿದ್ದು ವ್ಯತ್ಯಾಸ ಮೂರು ನಾಲ್ಕು ಡಿಗ್ರಿಯಷ್ಟೇ ಇದ್ದರೆ ಶೀತಕವನ್ನೋ ಹೊರಘಟಕವನ್ನೋ ನೋಡಿಸಬೇಕು. ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಯಂತ್ರದ ಶಕ್ತಿಯ ಒಂದು ಭಾಗ ಗಾಳಿಯ ನೀರನ್ನು ಇಳಿಸುವುದಕ್ಕೇ ಖರ್ಚಾಗುವುದರಿಂದ ಅಂಕಿ ತುಸು ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ.

ಇನ್ನುಳಿದವು

ಬ್ಲೋವರ್ ಶುಚಿಯಾಗಿದ್ದೂ ನಿಧಾನವಾಗಿ ತಿರುಗುತ್ತಿದ್ದರೆ ಮೋಟಾರ್‌ನ ಕೆಪಾಸಿಟರ್ ಸೊರಗಿರಬಹುದು. ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯ, ರಿಪೇರಿ ಅಗ್ಗ. ಬೇಸಿಗೆಯ ಸಂಜೆ ಇಡೀ ಬಡಾವಣೆ ಒಟ್ಟಿಗೆ ಎ.ಸಿ. ಹಾಕಿ ವೋಲ್ಟೇಜ್ ಕುಸಿದಾಗಲೂ ಇಂಥ ಫ್ಯಾನ್ ಮಂದವಾಗುತ್ತದೆ. ರಾತ್ರಿ ಎಂಟಕ್ಕೆ ಇಳಿಯುವ ಗಾಳಿ ಎರಡು ಗಂಟೆಯ ನಂತರ ತಾನಾಗಿ ಏರಿದರೆ ಮೆಕ್ಯಾನಿಕ್‌ಗೆ ಮೊದಲು ವೋಲ್ಟೇಜ್ ನೋಡಿಸಿ.

ಕೆಲವೊಮ್ಮೆ ತಪ್ಪು ಯಂತ್ರದ್ದಲ್ಲ, ಬಡಗಿಯದು. ಒಳಘಟಕದ ನೆತ್ತಿಯ ಮೇಲೆ ಅರ್ಧ ಅಡಿಯಷ್ಟಾದರೂ ತೆರವಿರಬೇಕು. ಫಾಲ್ಸ್ ಸೀಲಿಂಗ್ ಅಂದಕ್ಕಾಗಿ ಅದನ್ನು ಮೂರು ಕಡೆ ಮುಚ್ಚಿದರೆ, ಅಟ್ಟದ ಕೆಳಗೆ ಹುದುಗಿಸಿದರೆ, ಎಷ್ಟು ಸರ್ವಿಸ್ ಮಾಡಿಸಿದರೂ ಗಾಳಿ ಬಾರದು.

ಮೆಕ್ಯಾನಿಕ್ 'ಗ್ಯಾಸ್ ಹೋಗಿದೆ' ಎಂದರೆ ಕೇಳಬೇಕಾದ ಪ್ರಶ್ನೆ: 'ಹೋದದ್ದು ಎಲ್ಲಿಂದ?' ಶೀತಕವು ಪೆಟ್ರೋಲ್‌ನಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ಯಂತ್ರದ ಆಯುಷ್ಯವಿಡೀ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಸೋರಿಕೆ ಇರಲೇಬೇಕು. ನೈಟ್ರೋಜನ್ ತುಂಬಿ, ಸಾಬೂನು ನೀರು ಹಚ್ಚಿ ಆ ಜಾಗವನ್ನು ಪತ್ತೆಮಾಡಿ ಬೆಸುಗೆ ಹಾಕದೆ ಅನಿಲ ತುಂಬಿದರೆ ಮುಂದಿನ ಬೇಸಿಗೆಗೂ ಅದೇ ಬಿಲ್. ಬೆಸುಗೆಯ ನಂತರ ವ್ಯಾಕ್ಯೂಮ್ ಪಂಪ್ ಹಚ್ಚಿ ಕೊಳವೆಯ ಗಾಳಿ, ತೇವ ತೆಗೆಯಬೇಕು. ಎಷ್ಟು ಗ್ರಾಂ ತುಂಬಬೇಕು, ಯಾವ ಅನಿಲ ಎಂಬುದು ಯಂತ್ರದ ಫಲಕದ ಮೇಲೆಯೇ ಅಚ್ಚಾಗಿರುತ್ತದೆ: ಹಳೆಯವುಗಳಲ್ಲಿ ಆರ್-22, ನಂತರದವುಗಳಲ್ಲಿ ಆರ್-410ಎ, ಆರ್-32 ಅಥವಾ ಆರ್-290. ಒಂದಕ್ಕೆ ಇನ್ನೊಂದು ನಡೆಯದು. ಆರ್-32 ತುಸು, ಆರ್-290 ಬಹಳವೇ ಹೊತ್ತಿಕೊಳ್ಳುವ ಗುಣದವು. ಆದ್ದರಿಂದ ಬೆಸುಗೆಯ ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ, ಮಕ್ಕಳು ಮತ್ತು ವೃದ್ಧರು ಬೇರೆ ಕೋಣೆಯಲ್ಲಿರಲಿ. ತುಂಬಿದ ಅನಿಲದ ಹೆಸರು ಮತ್ತು ತೂಕವನ್ನು ಬಿಲ್ಲಿನ ಮೇಲೆ ಬರೆಸಿಕೊಂಡ ನಂತರವೇ ಹಣ ಕೊಡಿ.