ವರಮಾನ ತೆರಿಗೆಯೂ ಮಾಗಡಿಯ ಸಣ್ಣ ವರ್ತಕರೂ

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಗಾರರಲ್ಲಿ ಉಂಟಾದ ಕಳವಳವನ್ನು ವಾಚಕರು ಮರೆತಿರಲಾರರು. ಬೇಕರಿ, ಚಹಾದಂಗಡಿ, ಬೀಡಿ-ಬಿಸ್ಕತ್ತಿನ ಅಂಗಡಿಗಳನ್ನಿಟ್ಟವರಿಗೂ ತರಕಾರಿ ಮಾರುವವರಿಗೂ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದುವು. ಯು.ಪಿ.ಐ. ಮೂಲಕ ಅವರಿಗೆ ಸಂದಾಯವಾದ ಹಣದ ಮೊತ್ತವೇ ಆ ನೋಟೀಸುಗಳಿಗೆ ಆಧಾರವಾಗಿದ್ದಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾಗಿ, ನಗದು ಮಾತ್ರವೆಂಬ ಬರಹಗಳು ಕಾಣಿಸಿಕೊಂಡುವು. 25ನೆಯ ತಾರೀಖು ಬಂದ್ ನಡೆಸುವುದಾಗಿ ವರ್ತಕರು ಸಾರಿದ್ದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರನ್ನು ಕರೆಸಿ ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ನೋಂದಣಿ ಮಾಡಿಸಿಕೊಳ್ಳಬೇಕಾದವರು ಮಾಡಿಸಿಕೊಳ್ಳಬೇಕೆಂದೂ ತಿಳಿಸಿದರು. ಗದ್ದಲ ಅಡಗಿತು. ಆದರೆ ತೆರಿಗೆಯ ವಿಷಯದಲ್ಲಿ ಸಣ್ಣ ವರ್ತಕನಿಗಿರುವ ಅಜ್ಞಾನವೂ, ಅದರಿಂದ ಹುಟ್ಟುವ ಭಯವೂ ಒಂದು ಸಭೆಯಿಂದ ನೀಗತಕ್ಕವಲ್ಲ.

ಬೆಂಗಳೂರಿನ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು 1638ರ ಬಳಿಕ ರಾಜಧಾನಿಯನ್ನಾಗಿ ಮಾಡಿಕೊಂಡ ಊರು ಮಾಗಡಿ. ಅಲ್ಲಿಯೂ, ಸುತ್ತಣ ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿಯೂ ರೇಷ್ಮೆಗೂಡು, ಮಾವು, ಮರದ ಬೊಂಬೆ, ದಿನಸಿ, ಬಾಡಿಗೆ ಟೆಂಪೊ ಇವುಗಳಿಂದ ಜೀವಿಸುವ ಜನರು ಬಹು ಮಂದಿ. ಬೆಂಗಳೂರಿನ ಸುದ್ದಿ ಈ ಊರುಗಳನ್ನು ಮುಟ್ಟಲು ಒಂದು ಗಳಿಗೆ ಸಾಕು. ಆದುದರಿಂದ ಕಾಯಿದೆಯು ನಿಜವಾಗಿ ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಎಂಬುದನ್ನು ವಿಶದಪಡಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ತೆರಿಗೆಗಳು ಎರಡು. ಅವುಗಳನ್ನು ಒಂದೆಂದು ತಿಳಿಯುವುದೇ ಗೊಂದಲಕ್ಕೆ ಮೂಲ. ಮೇಲೆ ಹೇಳಿದ ನೋಟೀಸುಗಳು ಜಿ.ಎಸ್.ಟಿ.ಗೆ ಸಂಬಂಧಿಸಿದುವು. ಅದು ಮಾರಾಟದ ಮೇಲಣ ತೆರಿಗೆ. ನಮ್ಮ ರಾಜ್ಯದಲ್ಲಿ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷವನ್ನೂ, ಸೇವೆ ಒದಗಿಸುವವನದು 20 ಲಕ್ಷವನ್ನೂ ಮೀರಿದರೆ ನೋಂದಣಿ ಸಾಮಾನ್ಯವಾಗಿ ಅವಶ್ಯಕ. ತಾಜಾ ತರಕಾರಿಯಂತಹ ವಿನಾಯಿತಿಯ ಪದಾರ್ಥಗಳನ್ನಷ್ಟೇ ಮಾರುವವನಿಗೆ ಆ ಬಾಧ್ಯತೆ ಇಲ್ಲ. ವರಮಾನ ತೆರಿಗೆಯಾದರೋ ಕೇಂದ್ರ ಸರ್ಕಾರದ್ದು. ಅದು ಬೀಳುವುದು ಲಾಭದ ಮೇಲೆ. ಗಲ್ಲಾಪೆಟ್ಟಿಗೆಗೆ ಬಿದ್ದ ಹಣವೆಲ್ಲ ವರಮಾನವಲ್ಲ. ಅದರಲ್ಲಿ ಸಗಟು ವರ್ತಕನ ಪಾಲುಂಟು, ಮಳಿಗೆಯ ಬಾಡಿಗೆಯುಂಟು, ಆಳಿನ ಸಂಬಳವುಂಟು. ಇವೆಲ್ಲ ಕಳೆದು ಉಳಿದುದೇ ವರಮಾನ.

ಈ ತೆರಿಗೆ ನಮ್ಮ ಸೀಮೆಗೆ ಹೊಸತೂ ಅಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬವನು ಇದನ್ನು ತಂದನು. ಮೈಸೂರು ಸಂಸ್ಥಾನವು 1923ರಲ್ಲಿ ತನ್ನದೇ ಆದ ವರಮಾನ ತೆರಿಗೆ ಕಾಯಿದೆಯನ್ನು ಮಾಡಿಕೊಂಡಿದ್ದಿತು. 1950ರ ಏಪ್ರಿಲ್ 1ರಿಂದ ಭಾರತದ ಕಾಯಿದೆಯೇ ಇಲ್ಲಿಗೂ ಅನ್ವಯವಾಯಿತು. 1961ರ ಕಾಯಿದೆಯ ಸ್ಥಾನಕ್ಕೆ 2025ರ ಹೊಸ ಕಾಯಿದೆ ಬಂದಿದ್ದು, ಅದರ ಜಾರಿಯ ದಿನವನ್ನು 2026ರ ಏಪ್ರಿಲ್ 1 ಎಂದು ಗೊತ್ತುಮಾಡಲಾಯಿತು.

ಸಣ್ಣ ವರ್ತಕನಿಗೆ ಕಾಯಿದೆಯು ಒಂದು ಸುಲಭಮಾರ್ಗವನ್ನು ತೆರೆದಿದೆ. ಇದನ್ನು ಅಂದಾಜು ವರಮಾನದ ಪದ್ಧತಿ ಎನ್ನಬಹುದು. ಹಳೆಯ ಕಾಯಿದೆಯಲ್ಲಿ 44ಎಡಿ ಎಂದು ಹೆಸರಾಗಿದ್ದ ಈ ಏರ್ಪಾಡು ಹೊಸದರಲ್ಲಿ 58ನೆಯ ಪ್ರಕರಣದಲ್ಲಿ ಅಡಕವಾಗಿದೆ. ವರ್ಷದ ವಹಿವಾಟು 2 ಕೋಟಿಯನ್ನು ಮೀರದವನೂ, ನಗದು ಜಮೆ ಶೇಕಡಾ 5ನ್ನು ಮೀರದಿದ್ದಲ್ಲಿ 3 ಕೋಟಿಯವರೆಗಿನವನೂ ಇದನ್ನು ಆಶ್ರಯಿಸಬಹುದು. ಬ್ಯಾಂಕು, ಯು.ಪಿ.ಐ. ಮೂಲಕ ಬಂದ ಹಣದಲ್ಲಿ ಶೇಕಡಾ 6, ನಗದಿನಲ್ಲಿ ಶೇಕಡಾ 8 ಲಾಭವೆಂದು ಎಣಿಸಲಾಗುವುದು. ಇದಕ್ಕಿಂತ ಹೆಚ್ಚು ಲಾಭ ದೊರೆತಿದ್ದರೆ ಅದನ್ನೇ ತೋರಿಸತಕ್ಕದ್ದು.

ಒಂದು ಉದಾಹರಣೆಯನ್ನು ಕೊಡುವೆವು. ಮಾಗಡಿ ಪೇಟೆಯ ದಿನಸಿ ಅಂಗಡಿಯೊಂದರಲ್ಲಿ ವರ್ಷಕ್ಕೆ 30 ಲಕ್ಷದ ವ್ಯಾಪಾರವೆಂದಿಟ್ಟುಕೊಳ್ಳೋಣ. 20 ಲಕ್ಷ ಯು.ಪಿ.ಐ. ಮೂಲಕ, 10 ಲಕ್ಷ ನಗದು. ಮೊದಲನೆಯದರ ಮೇಲೆ 1,20,000, ಎರಡನೆಯದರ ಮೇಲೆ 80,000, ಒಟ್ಟು 2 ಲಕ್ಷ ರೂಪಾಯಿ ವರಮಾನವಾಯಿತು. 2025ರ ಬಜೆಟ್ಟಿನ ಹೊಸ ಕ್ರಮದಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದಕಾರಣ ಬೇರೆ ಆದಾಯವಿಲ್ಲದ ಈ ಅಂಗಡಿಯವನು ಒಂದು ಕಾಸನ್ನೂ ಕೊಡಬೇಕಾಗಿಲ್ಲ. ವ್ಯಾಪಾರವು 90 ಲಕ್ಷಕ್ಕೆ ಬೆಳೆದು ಎಲ್ಲವೂ ಯು.ಪಿ.ಐ.ಯಲ್ಲಿಯೇ ಬಂದರೆ ವರಮಾನ 5,40,000 ಆಗುವುದು. ಆಗಲೂ 12 ಲಕ್ಷದವರೆಗೆ ಹೊಸ ಕ್ರಮದಲ್ಲಿ ದೊರೆಯುವ ರಿಯಾಯಿತಿಯಿಂದ ತೆರಿಗೆ ಶೂನ್ಯವೇ.

ಇಲ್ಲಿ ಬಹು ಜನರು ಎಡವುವ ಒಂದು ಕಲ್ಲಿದೆ. ತೆರಿಗೆ ಇಲ್ಲವೆಂದರೆ ವಿವರಪತ್ರವನ್ನು ಸಲ್ಲಿಸಬೇಕಾಗಿಲ್ಲವೆಂದು ಅರ್ಥವಲ್ಲ. ಎರಡನೆಯ ಉದಾಹರಣೆಯವನ ವರಮಾನವು 4 ಲಕ್ಷವನ್ನು ಮೀರಿರುವುದರಿಂದ ಅವನು ಪತ್ರವನ್ನು ಸಲ್ಲಿಸಲೇಬೇಕು. ರಿಯಾಯಿತಿ ದೊರೆಯುವುದು ಆ ಮೇಲೆ. ವ್ಯಾಪಾರದ ವಹಿವಾಟು 60 ಲಕ್ಷವನ್ನು ಮೀರಿದವನಿಗೂ ಇದೇ ನಿಯಮ. ಅಂದಾಜು ಪದ್ಧತಿಯವರಿಗೆ 'ಸುಗಮ್' ಎಂಬ ಸರಳವಾದ ನಮೂನೆಯುಂಟು. ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಬರುವಂತಿದ್ದರೆ ಮಾರ್ಚಿ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡವಾಗಿ ಕಟ್ಟತಕ್ಕದ್ದು. ಇನ್ನೊಂದು ಎಚ್ಚರಿಕೆ: ಈ ಮಾರ್ಗವನ್ನು ಹಿಡಿದವನು ಮುಂದಿನ ಐದು ವರ್ಷಗಳೊಳಗೆ ಬಿಟ್ಟರೆ, ಬಳಿಕ ಐದು ವರ್ಷ ಅದು ಅವನಿಗೆ ಮುಚ್ಚಿರುತ್ತದೆ.

ವೈದ್ಯರು, ವಕೀಲರು, ಎಂಜಿನಿಯರುಗಳು ಮೊದಲಾದ ವೃತ್ತಿಯವರಿಗೆ ಅಳತೆ ಬೇರೆ. 50 ಲಕ್ಷದವರೆಗಿನ, ನಗದು ಅತ್ಯಲ್ಪವಾದರೆ 75 ಲಕ್ಷದವರೆಗಿನ, ಸಂಪಾದನೆಯಲ್ಲಿ ಅರ್ಧವನ್ನು ವರಮಾನವೆಂದು ತೋರಿಸಬಹುದು. ಹತ್ತಕ್ಕೆ ಮೀರದ ಸರಕು ವಾಹನಗಳುಳ್ಳವನಿಗೆ, ಭಾರಿ ಲಾರಿಗಳನ್ನು ಬಿಟ್ಟರೆ, ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿಯ ಲೆಕ್ಕ. ಆದರೆ ದಲ್ಲಾಳಿತನದಿಂದ ಬರುವ ಕಮಿಷನ್ನಿಗೆ ಈ ಅಂದಾಜು ಪದ್ಧತಿ ಸಲ್ಲದು. ಮಂಡಿಗಳಲ್ಲಿ ಮಧ್ಯಸ್ಥಿಕೆ ಮಾಡುವವರು ಇದನ್ನು ಗಮನಿಸಬೇಕು.

ವ್ಯವಸಾಯದ ವರಮಾನಕ್ಕೆ ಕೇಂದ್ರದ ತೆರಿಗೆ ಇಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಅದರ ಗಡಿ ಎಲ್ಲಿ ಮುಗಿಯುತ್ತದೆಂಬುದು ನಮ್ಮ ಸೀಮೆಯಲ್ಲಿ ಸೂಕ್ಷ್ಮವಾದ ಪ್ರಶ್ನೆ. ಮಾವಿನ ತೋಪಿನ ಒಡೆಯನು ತನ್ನ ಹಣ್ಣನ್ನು ಮಾರಿದರೆ ಅದು ವ್ಯವಸಾಯ. ಮರದ ಮೇಲಣ ಫಸಲನ್ನು ಗುತ್ತಿಗೆ ಹಿಡಿದು ಮಾರುವವನದು ವ್ಯಾಪಾರ. ಹಿಪ್ಪುನೇರಳೆ ಸೊಪ್ಪು ವ್ಯವಸಾಯದ ಫಲವೇ ಸರಿ. ಆದರೆ ಅದನ್ನು ಹುಳುವಿಗೆ ಮೇಯಿಸಿ ಪಡೆದ ಗೂಡಿನ ಮಾರಾಟದಿಂದ ಬಂದುದು ವ್ಯವಸಾಯದ ವರಮಾನವಲ್ಲವೆಂದು ಲಕ್ಷ್ಮಣನ್ ಕಂಪೆನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ತಾನೇ ಬೆಳೆದ ಸೊಪ್ಪಿನ ಪೇಟೆಯ ಬೆಲೆಯನ್ನು ಕಳೆದುಕೊಳ್ಳಲು ನಿಯಮಗಳಲ್ಲಿ ಅವಕಾಶವುಂಟು. ಹೀಗೆ ಕಳೆದ ಮೇಲೆ ಸಾಮಾನ್ಯ ರೈತನಿಗೆ ತೆರಿಗೆ ತಗಲುವುದು ಅಪರೂಪ. ಆದರೂ ದೊಡ್ಡ ಪ್ರಮಾಣದಲ್ಲಿ ಗೂಡು ಬೆಳೆಸುವವರು ಸೊಪ್ಪಿನ ಲೆಕ್ಕವನ್ನು ಬರೆದಿಡುವುದು ಕ್ಷೇಮಕರ.

ಕ್ಯೂಆರ್ ಫಲಕವನ್ನು ಕಿತ್ತೆಸೆದರೆ ಸರ್ಕಾರದ ಕಣ್ಣು ತಪ್ಪಿಸಬಹುದೆಂದು ಭಾವಿಸುವವರಿಗೆ ನಾವು ಹೇಳುವುದಿಷ್ಟೆ: ಅದರಿಂದ ನಷ್ಟ ನಿಮಗೇ. ಶೇಕಡಾ 6ರ ಲೆಕ್ಕ ಹೋಗಿ 8ರ ಲೆಕ್ಕ ಬರುತ್ತದೆ. ಒಬ್ಬನಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಮೇಲ್ಪಟ್ಟು ನಗದನ್ನು ಪಡೆಯುವುದನ್ನೂ, 20,000 ಅಥವಾ ಮೇಲ್ಪಟ್ಟ ಕೈಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳುವುದನ್ನೂ ಕಾಯಿದೆ ನಿಷೇಧಿಸಿದೆ. ತಪ್ಪಿದರೆ ಪಡೆದ ಹಣದಷ್ಟೇ ದಂಡ. ವಿವರಪತ್ರವೇ ಇಲ್ಲದವನು ಬ್ಯಾಂಕಿನಲ್ಲಿ ಸಾಲ ಕೇಳಿದಾಗ ತನ್ನ ವ್ಯಾಪಾರಕ್ಕೆ ಯಾವ ಸಾಕ್ಷಿಯನ್ನು ತೋರಿಸಿಯಾನು? ಕೊನೆಗೆ ಮೀಟರುಬಡ್ಡಿಯವನ ಬಾಗಿಲೇ ಗತಿಯಾದೀತು. ತೆರಿಗೆಗೆ ಹೆದರಿ ಬಡ್ಡಿಗೆ ಸಿಕ್ಕುವುದು ಯಾವ ಜಾಣತನ?

ಅಧಿಕಾರಿಗಳವರಿಗೂ ನಮ್ಮದೊಂದು ಮಾತುಂಟು. ಒಂದು ಖಾತೆಗೆ ಜಮೆಯಾದ ಹಣದಲ್ಲಿ ಮಗಳು ಕಳುಹಿಸಿದುದು, ನೆರೆಯವನು ಹಿಂದಿರುಗಿಸಿದ ಕೈಸಾಲ, ವಿನಾಯಿತಿಯ ಪದಾರ್ಥದ ಬೆಲೆ ಎಲ್ಲವೂ ಬೆರೆತಿರುತ್ತವೆ. ಮೊತ್ತವನ್ನಷ್ಟೇ ನೋಡಿ ನೋಟೀಸು ಕೊಡುವುದು ಸುಲಭ. ಆದರೆ ಅದರಿಂದ ಹುಟ್ಟುವ ಅಪನಂಬಿಕೆಯನ್ನು ಕಳೆಯುವುದು ಸುಲಭವಲ್ಲ. ನೋಟೀಸು ಕನ್ನಡದಲ್ಲಿರಲಿ; ಯಾವ ತೆರಿಗೆ, ಯಾವ ವರ್ಷದ್ದು, ಯಾವ ಲೆಕ್ಕ, ಉತ್ತರ ಎಲ್ಲಿಗೆ ಎಂಬುದು ಓದು ಬಲ್ಲವನಿಗೆಲ್ಲ ತಿಳಿಯುವಂತಿರಲಿ. ವರ್ಷದಲ್ಲಿ ಕೆಲವು ದಿನ ತಾಲ್ಲೂಕು ಕೇಂದ್ರಗಳಿಗೇ ಬಂದು ವರ್ತಕರ ಸಂಶಯಗಳನ್ನು ಪರಿಹರಿಸಿದರೆ, ನೂರು ನೋಟೀಸುಗಳಿಂದ ಆಗದ ಕೆಲಸ ಆಗುವುದು.

ವರ್ತಕರು ಮಾಡಬೇಕಾದುದು ಹೆಚ್ಚೇನಲ್ಲ. ಮನೆಯ ಹಣಕ್ಕೊಂದು, ಅಂಗಡಿಯ ಹಣಕ್ಕೊಂದು ಖಾತೆ. ಖರೀದಿಯ ರಸೀತಿಗಳ ಒಂದು ಕಟ್ಟು. ದಿನದ ಜಮಾ-ಖರ್ಚನ್ನು ಅಂದೇ ಬರೆಯುವ ಒಂದು ಕಿರ್ದಿ ಪುಸ್ತಕ. ನಮ್ಮ ಹಿರಿಯ ಅಂಗಡಿಗಾರರಿಗೆ ಕಿರ್ದಿ ಹೊಸದಲ್ಲ. ಸಣ್ಣವನ ಮಾತಿಗೆ ಕಛೇರಿಯಲ್ಲಿ ತೂಕ ಬರುವುದು ಅವನು ಬರೆದಿಟ್ಟ ಲೆಕ್ಕದಿಂದ. ಮಾಗಡಿಯ ವರ್ತಕರು ಈ ಮಾತನ್ನು ಮನಸ್ಸಿಗೆ ತಂದುಕೊಂಡು, ಬರುವ ಏಪ್ರಿಲ್ 1ರಿಂದಲಾದರೂ ಹೊಸ ಕಿರ್ದಿಯನ್ನು ತೆರೆಯುವರೆಂದು ನಾವು ನಂಬಿದ್ದೇವೆ.