ಹದಿನಾಲ್ಕು ಕ್ಯಾರೆಟ್ಟಿನ ಉಪದೇಶ

‘ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯನ್ನು ನಮ್ಮೂರಲ್ಲಿ ನಗುನಗುತ್ತ ಹೇಳುತ್ತಿದ್ದರು, ಕೆಲವೊಮ್ಮೆ ಅಕ್ಕಸಾಲಿಗರ ಎದುರಿಗೇ. 1963ರ ಜನವರಿಯಲ್ಲಿ ದೆಹಲಿ ಸರ್ಕಾರ ಅದನ್ನು ನಗದೆ ನಂಬಿದಂತೆ ನಡೆದುಕೊಂಡಿತು. ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್ ಮೀರಕೂಡದು ಎಂದು ನಿಯಮ ಬಂತು. ಅಂದರೆ ನೂರಕ್ಕೆ 58 ಪಾಲು ಚಿನ್ನ, ಮಿಕ್ಕಿದ್ದು ತಾಮ್ರ, ಬೆಳ್ಳಿ.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಚೀನಾ ಯುದ್ಧ. ಹೆಂಗಸರು ಕೈಯ ಬಳೆ ಕಳಚಿ ರಕ್ಷಣಾ ನಿಧಿಗೆ ಹಾಕಿದ್ದರು. ಕೊಟ್ಟಾಗ ದೇಶಪ್ರೇಮವಾಗಿದ್ದ ಚಿನ್ನ, ಇಟ್ಟುಕೊಂಡಾಗ ದುರಾಸೆಯಾಯಿತು. ವಿದೇಶಿ ವಿನಿಮಯ ಬರಿದಾಗಿತ್ತು, ಕಳ್ಳಸಾಗಣೆ ಜೋರಾಗಿತ್ತು, ಅದೆಲ್ಲ ನಿಜ. ಆದರೆ ಅರ್ಥಸಚಿವ ಮೊರಾರ್ಜಿ ದೇಸಾಯಿ ಅವರಿಗೆ ಇದು ಬರೀ ಲೆಕ್ಕದ ಮಾತಾಗಿರಲಿಲ್ಲ. ಜನರ ಚಿನ್ನದ ಮೋಹವನ್ನೇ ಬಿಡಿಸಬೇಕಿತ್ತು. ಮದ್ಯ ಬಿಡಿಸುವ ಅವರ ಹಟವೇ ಇಲ್ಲೂ. ತಮಾಷೆ ಎಂದರೆ, ಕೋಲಾರದ ಗಣಿಗಳು ಮೈಸೂರು ಸರ್ಕಾರದ ಕೈಯಿಂದ ಕೇಂದ್ರಕ್ಕೆ ಹೋದದ್ದೂ 1962ರಲ್ಲೇ, ಅದೂ ಅರ್ಥ ಇಲಾಖೆಗೇ. ಮೂರು ಕಿಲೋಮೀಟರ್ ಆಳದಿಂದ ಚಿನ್ನ ಎತ್ತಿಸುತ್ತಿದ್ದ ಇಲಾಖೆಯೇ ಮೇಲೆ ಕೂತು ಚಿನ್ನ ಬೇಡ ಎನ್ನುತ್ತಿತ್ತು.

ಇಂಥ ಉಪದೇಶ ಹೊಸದೇನಲ್ಲ. ಹ್ಯಾನಿಬಲ್‌ನ ಕೈಯಲ್ಲಿ ಸೋತ ರೋಮ್ ಕ್ರಿ.ಪೂ. 215ರಲ್ಲಿ ಹೆಂಗಸರು ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಅವರು ಬೀದಿ ತುಂಬಿ ನಿಂತು, ಕೇಟೋನಂಥ ಕಾನ್ಸಲ್ ವಿರೋಧಿಸಿದರೂ ಅದನ್ನು ತೆಗೆಸಿದರು.

ನಮ್ಮಲ್ಲಿ ಬೀದಿಗೆ ಬಿದ್ದದ್ದು ತೊಡುವವರಲ್ಲ, ಮಾಡುವವರು. 22 ಕ್ಯಾರೆಟ್ಟಿಗೆ ಪಳಗಿದ ಕೈಗೆ ಈ ಮಿಶ್ರಣ ಗಡಸು, ಬಣ್ಣವೂ ಬೇರೆ. ಮದುವೆಗೆ ಒಡವೆ ಮಾಡಿಸುವವರು ಮೂಸಿಯೂ ನೋಡಲಿಲ್ಲ. ಲಕ್ಷಾಂತರ ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿತು. ಆತ್ಮಹತ್ಯೆಗಳಾದವು. ಬೇರೆ ಕಸುಬು ಕಲಿಯಿರಿ, ಸಾಲ ಕೊಡುತ್ತೇವೆ ಎಂದಿತು ಸರ್ಕಾರ. ಊದುಗೊಳವೆ ಹಿಡಿದೇ ನಡುವಯಸ್ಸು ದಾಟಿದವನು ಇನ್ನೇನು ಕಲಿಯಬೇಕಿತ್ತೋ!

ನನಗೆ ಸಿಟ್ಟು ಬರುವುದು ಹೆಂಗಸರ ಚಿನ್ನವನ್ನು ‘ಶೋಕಿ’ ಎನ್ನುವ ಮಾತಿಗೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಸಿಕ್ಕಿದ್ದು 1994ರಲ್ಲಿ. ಅಲ್ಲಿಯವರೆಗೆ ನಮ್ಮಜ್ಜಿಯಂಥವರಿಗೆ ಕಾಸಿನ ಸರವೇ ಹೊಲ, ಅದೇ ಬ್ಯಾಂಕು. ಬರ ಬಂದರೆ ಅಡವು, ಮಳೆ ಬಂದರೆ ಬಿಡುಗಡೆ. ಅದನ್ನು ಮೋಹ ಎಂದವರ ಹೆಸರಿನಲ್ಲಿ ಪಹಣಿ ಇತ್ತು.

ಹಿರಿಯ ಸಚಿವರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬ ಕಾಮರಾಜ್ ಯೋಜನೆಯಂತೆ ಮೊರಾರ್ಜಿ 1963ರ ಆಗಸ್ಟಿನಲ್ಲಿ ಹುದ್ದೆ ಬಿಟ್ಟರು. ಟಿ.ಟಿ. ಕೃಷ್ಣಮಾಚಾರಿ ಬಂದ ಮೇಲೆ ಹಳೆಯ ಒಡವೆ ಕರಗಿಸಿ ಮಾಡಿಕೊಡುವವರಿಗೆ ಸಡಿಲಿಕೆ ಸಿಕ್ಕಿತು. 1966ರಲ್ಲಿ 14 ಕ್ಯಾರೆಟ್ ಮಿತಿಯೇ ಹೋಯಿತು. ಅನುಮಾನ ಮಾತ್ರ ಹೋಗಲಿಲ್ಲ. 1968ರ ಚಿನ್ನ ನಿಯಂತ್ರಣ ಕಾಯ್ದೆಯಲ್ಲಿ ಅಕ್ಕಸಾಲಿಗನಿಗೆ ಸರ್ಟಿಫಿಕೇಟು, ವ್ಯಾಪಾರಿಗೆ ಲೈಸೆನ್ಸು. ಗಟ್ಟಿ ಚಿನ್ನ ಮನೆಯಲ್ಲಿಟ್ಟುಕೊಳ್ಳುವಂತಿರಲಿಲ್ಲ. ಅತ್ತ ದುಬೈನಿಂದ ಹತ್ತು ತೊಲದ ಬಿಸ್ಕತ್ತುಗಳು ಪಶ್ಚಿಮ ಕರಾವಳಿಗೆ ಇಳಿಯುತ್ತಲೇ ಇದ್ದವು. ಸಿನಿಮಾದ ಖಳರಿಗೂ ಅವು ಕಸುಬು ಕೊಟ್ಟವು. 1990ರಲ್ಲಿ, ಮಧು ದಂಡವತೆ ಅರ್ಥಸಚಿವರಾಗಿದ್ದಾಗ, ಕಾಯ್ದೆ ರದ್ದಾಯಿತು. 2001ರಲ್ಲಿ ಕೋಲಾರದ ಗಣಿಯೂ ಮುಚ್ಚಿತು.

ಮೊನ್ನೆ ಅಣ್ಣನ ಮಗಳ ಜೊತೆ ಮಾಲ್‌ನ ಒಡವೆ ಅಂಗಡಿಗೆ ಹೋಗಿದ್ದೆ. ಅವಳು ಆರಿಸಿದ ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್, ಪಕ್ಕದಲ್ಲಿ 585 ಎಂಬ ಅಂಕಿ. ಅದೇ 14 ಕ್ಯಾರೆಟ್. “ಇದೇ ಈಗ ಫ್ಯಾಷನ್ನು ಚಿಕ್ಕಪ್ಪ, ದಿನಾ ಹಾಕ್ಕೋಬಹುದು” ಅಂದಳು. ಒರೆಗಲ್ಲು ಎಲ್ಲೂ ಕಾಣಲಿಲ್ಲ. ಇದನ್ನು ಮಾಡಿದವರು ಯಾರು ಎಂದು ಕೇಳಿದೆ. ಕೌಂಟರಿನ ಹುಡುಗನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಫ್ಯಾಕ್ಟರಿಯಿಂದ ಬರುತ್ತೆ ಸರ್” ಅಂದ.