ಸವೆದ ಶಾಕಪ್ ಮತ್ತು ಎಫ್‌ಸಿ ಪರೀಕ್ಷೆ

ಗುಡೂರಿನಿಂದ ಇಳಕಲ್, ಹುನಗುಂದ, ಬಾದಾಮಿಗಳತ್ತ ಕಾರು, ಕ್ರೂಸರ್, ಟಂಟಂಗಳು ಓಡಾಡುವ ಸೀಮೆಯಲ್ಲಿ ಎರೆಭೂಮಿ ವಿಸ್ತಾರವಾಗಿದೆ. ಮಳೆನೀರು ಹೀರಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಜೇಡಿ ಆ ಮಣ್ಣಿನಲ್ಲಿ ಹೆಚ್ಚಾಗಿರುವುದರಿಂದ, ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಕ್ರಮೇಣ ಅಲೆಯಲೆಯಾಗಿ ಏರಿಳಿಯುತ್ತದೆ. ಗುಂಡಿ ಕಂಡರೆ ಚಾಲಕ ಬ್ರೇಕ್ ಹಾಕುತ್ತಾನೆ. ಕಣ್ಣಿಗೆ ಬೀಳದ ಈ ಅಲೆಯಾದರೋ, ಆಡುಮಾತಿನಲ್ಲಿ ಶಾಕಪ್ ಎನಿಸಿಕೊಳ್ಳುವ ಶಾಕ್ ಅಬ್ಸಾರ್ಬರನ್ನು ಬಿಡುವಿಲ್ಲದೆ ದುಡಿಸುತ್ತದೆ.

ವಾಹನದ ಭಾರ ಹೊರುವುದು ಸ್ಪ್ರಿಂಗೇ ಹೊರತು ಶಾಕಪ್ ಅಲ್ಲ. ಒತ್ತಿದಾಗ ಕೂಡಿಟ್ಟುಕೊಂಡ ಶಕ್ತಿಯನ್ನು ಸ್ಪ್ರಿಂಗ್ ಹಾಗೆಯೇ ಮರಳಿಸುವುದರಿಂದ, ತಡೆ ಇಲ್ಲದಿದ್ದರೆ ಕಾರಿನ ಬಾಡಿ ಸೆಕೆಂಡಿಗೆ ಸುಮಾರು 1ರಿಂದ 1.5 ಬಾರಿ, ಅದರ ಕೆಳಗಿನ ಚಕ್ರ ಸುಮಾರು 10ರಿಂದ 15 ಬಾರಿ ಕುಣಿಯುತ್ತಲೇ ಇರುತ್ತವೆ. ಇವನ್ನು ಅವುಗಳ ಸಹಜ ಆವೃತ್ತಿ ಎನ್ನುತ್ತಾರೆ. ಶಾಕಪ್ಪಿನ ಕೊಳವೆಯಲ್ಲಿ ಪಿಸ್ಟನ್ ಚಲಿಸಿದಾಗ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಗ್ಗಬೇಕಾಗಿ ಬರುತ್ತದೆ, ಆ ತಿಕ್ಕಾಟದಲ್ಲಿ ಕುಣಿತದ ಶಕ್ತಿ ಶಾಖವಾಗಿ ಗಾಳಿಗೆ ಸೇರುತ್ತದೆ. ಕೆಟ್ಟ ರಸ್ತೆಯಲ್ಲಿ ಬಂದು ನಿಂತ ಗಾಡಿಯ ಶಾಕಪ್ ಮುಟ್ಟಿದರೆ ಬೆಚ್ಚಗಿರುವುದು ಇದಕ್ಕಾಗಿಯೇ.

ಸೀಲು ಸವೆದು ಎಣ್ಣೆ ಜಿನುಗಿದಾಗ, ಇಲ್ಲವೆ ಒಳಗಿನ ಕವಾಟಗಳು ಸಡಿಲಗೊಂಡಾಗ ಈ ತಡೆ ಕುಗ್ಗುತ್ತದೆ. ಅದು ತಿಂಗಳುಗಟ್ಟಲೆ ಇಷ್ಟಿಷ್ಟೇ ಕುಗ್ಗುವುದರಿಂದ ಚಾಲಕ ಅರಿವಿಲ್ಲದೆ ಅದಕ್ಕೆ ಹೊಂದಿಕೊಂಡು, ಗಾಡಿ ಸರಿಯಾಗಿಯೇ ಇದೆ ಎಂದು ನಂಬುತ್ತಾನೆ. ಸೆಕೆಂಡಿಗೆ 12 ಬಾರಿ ಕುಣಿಯುವ ಚಕ್ರವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಸುಮಾರು 1.4 ಮೀಟರ್ ಅಂತರದ ಅಲೆಗಳ ಮೇಲೆ ಹಾಯ್ದರೆ, ರಸ್ತೆಯ ತಳ್ಳಾಟವೂ ಚಕ್ರದ ಸಹಜ ಆವೃತ್ತಿಯೂ ಒಂದಾಗಿ ಅನುರಣನ ಉಂಟಾಗುತ್ತದೆ, ಅಂದರೆ ಕುಣಿತ ಬೆಳೆಯುತ್ತಾ ಹೋಗುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಶಾಕಪ್ಪನ್ನು ಬರೀ ಸುಖಪ್ರಯಾಣದ ಸಾಧನವೆಂದು ಎಣಿಸುವುದು ತಪ್ಪಾಗುವುದು ಇಲ್ಲಿಯೇ.

ಸಾರಿಗೆ ವಾಹನಗಳು 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ, ಅಂದರೆ ಎಫ್‌ಸಿ ಪಡೆಯಬೇಕು. ಸ್ವಂತ ಕಾರಿಗೆ ಈ ಪ್ರಶ್ನೆ ಏಳುವುದು ನೋಂದಣಿಯ 15 ವರ್ಷಗಳ ಬಳಿಕ. ಬರಿಗಣ್ಣಿನ ತಪಾಸಣೆಯಲ್ಲಿ ಎಣ್ಣೆಯ ಕಲೆ, ಹರಿದ ರಬ್ಬರ್ ಬುಷ್, ಅಲ್ಲಲ್ಲಿ ತಗ್ಗುಬಿದ್ದಂತೆ ಸವೆದ ಟೈರು ಸಿಕ್ಕಿಬೀಳುತ್ತವೆ. ಬಾನೆಟ್ಟಿನ ಮೂಲೆ ಒತ್ತಿ ಬಿಡುವ ಗ್ಯಾರೇಜಿನ ಪರೀಕ್ಷೆ ಬಾಡಿಯ ನಿಧಾನದ ತೂಗಾಟವನ್ನಷ್ಟೇ ತೋರಿಸುತ್ತದೆ, ಚಕ್ರದ ವೇಗದ ಕುಣಿತ ಅದಕ್ಕೆ ಎಟುಕದು. ಇನ್ನು ಪಾಟಾ, ಅಂದರೆ ಎಲೆ ಸ್ಪ್ರಿಂಗ್ ಇರುವ ಲಾರಿಯಲ್ಲಿ ಎಲೆಗಳ ನಡುವಿನ ತಿಕ್ಕಾಟವೇ ಒಂದಿಷ್ಟು ತಡೆ ಒದಗಿಸಿ ಶಾಕಪ್ಪಿನ ದೋಷವನ್ನು ಮರೆಮಾಚುತ್ತದೆ.

ಯಂತ್ರಗಳಿಂದಲೇ ಪರೀಕ್ಷಿಸುವ ಸ್ವಯಂಚಾಲಿತ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರೂಪಿಸಿತು. ಶಾಕಪ್ ಪರೀಕ್ಷೆಗೆ ಯುರೋಪಿನಲ್ಲಿ ರೂಢಿಗೆ ಬಂದ ಒಂದು ವಿಧಾನದಲ್ಲಿ ಚಕ್ರವನ್ನು ಲೋಹದ ಹಲಗೆಯ ಮೇಲೆ ನಿಲ್ಲಿಸಿ, ಹಲಗೆಯನ್ನು ಸೆಕೆಂಡಿಗೆ ಸುಮಾರು 25 ಬಾರಿ ಅದುರಿಸಿ, ಮೋಟಾರು ನಿಲ್ಲಿಸುತ್ತಾರೆ. ಅದುರು ಇಳಿಯುತ್ತಾ ಚಕ್ರದ ಸಹಜ ಆವೃತ್ತಿಯನ್ನು ದಾಟುವಾಗ ಹಲಗೆಯ ಮೇಲೆ ಉಳಿಯುವ ಕನಿಷ್ಠ ಭಾರವು, ನಿಂತಿದ್ದಾಗಿನ ಭಾರದ ಶೇಕಡಾ ಎಷ್ಟು ಎಂಬುದೇ ಅಂಕ. ಎಡ ಬಲಗಳ ಅಂಕ ತೀರಾ ಬೇರೆಯಾದರೂ ಅದು ದೋಷವೇ ಆದ್ದರಿಂದ ಮೆಕ್ಯಾನಿಕ್‌ಗಳು ಶಾಕಪ್ಪನ್ನು ಜೋಡಿಯಾಗಿ ಬದಲಿಸುತ್ತಾರೆ. ಗಾಳಿ ಕಡಿಮೆಯಿರುವ ಮೆತ್ತನೆಯ ಟೈರು ಅದುರನ್ನು ತಾನೇ ನುಂಗಿ ಸವೆದ ಶಾಕಪ್ಪಿಗೂ ಒಳ್ಳೆಯ ಅಂಕ ಕೊಡಿಸಬಲ್ಲದಾದ್ದರಿಂದ, ಹಲಗೆ ಏರುವ ಮುನ್ನ ಗಾಳಿ ಅಳೆಯುವುದೂ ಪರೀಕ್ಷೆಯ ಭಾಗವೇ.